ಹಚ್ಚುವ ಮೊದಲು ಒಂದು ಸುತ್ತು

ಬಂಡೀಪುರದ ಕಾಡಂಚಿನ ಹಳ್ಳಿ ನಮ್ಮದು. ಬೇಸಿಗೆ ಬಂತೆಂದರೆ ನಾನು ಫೈರ್ ವಾಚರ್. ಕಾಡಿಗೆ ಬೆಂಕಿ ಬೀಳದಂತೆ ಕಾಯುವವರೇ ಮೊದಲು ಬೆಂಕಿ ಹಚ್ಚುತ್ತೇವೆ ಅಂದರೆ ನೆಂಟರು ನಗುತ್ತಾರೆ. ದಾರಿಯ ಪಕ್ಕದ ಹುಲ್ಲು, ಲಾಂಟಾನ ಕಳೆಯ ಪೊದೆ ಸವರಿ, ಒಣಗಿಸಿ, ನಾವೇ ಸುಡುತ್ತೇವೆ. ಅದೇ ಬೆಂಕಿ ರೇಖೆ. ಮುಂದೆ ಕಾಡು ಹೊತ್ತಿಕೊಂಡರೆ ಉರಿ ಈ ಕರಿ ಪಟ್ಟಿಗೆ ಬಂದು ನಿಲ್ಲಲಿ ಅಂತ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಿನಂಥ ಗಾಳಿ ಎದ್ದರೆ ಅದೂ ಸಾಲದು, ಆ ಮಾತು ಬೇರೆ.

ಮೊದಲ ವರ್ಷ ನಮಗೆ ಅವಸರ. ಬೇಗ ಮುಗಿಯಲಿ ಅಂತ ಪಟ್ಟಿಯ ಎರಡೂ ತುದಿಗೆ ಹಚ್ಚಿದೆವು. ಹಸಿ ಸೊಪ್ಪು ಹಿಡಿದು ಬಡಿಯುತ್ತಾ ನಿಂತೆವು. ಉರಿ ನಡುವೆ ಬಂದು ಕೂಡಿತು. ಕಾಜಾಣಗಳಿಗೆ ಹಬ್ಬವೋ ಹಬ್ಬ, ಹೊಗೆಯಿಂದ ಹಾರಿದ ಮಿಡತೆಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. ಆರಿದ ಮೇಲೆ ಬೂದಿಯಲ್ಲಿ ನಡೆದರೆ ಒಂದು ಆಮೆ ಸಿಕ್ಕಿತು. ಚಿಪ್ಪು ಬಿರಿದಿತ್ತು. ಜಿಂಕೆ, ಕಾಟಿ ಹೊಗೆಯ ವಾಸನೆಗೇ ಜಾಗ ಬಿಡುತ್ತವೆ. ಆಮೆ ಎಲ್ಲಿಗೆ ಓಡುತ್ತೆ?

ಜೊತೆಗಿದ್ದ ಸೋಲಿಗರ ಅಜ್ಜ, "ಒಂದ್ಕಡೆ ದಾರಿ ಬುಡು ಮಗ, ಅವ್ಕೂ ಹೋಗ್ಬೇಕಲ್ವಾ" ಅಂದರು. ಅವರ ಹಿರಿಯರು ಹಾಕುತ್ತಿದ್ದ ತರಗು ಬೆಂಕಿ ಹಾಗೇ ಇರುತ್ತಿತ್ತಂತೆ. ನೆಲದ ತರಗು ಮಾತ್ರ ಉರಿಯಬೇಕು, ಮರದ ಮೇಲೆ ಹತ್ತಬಾರದು.

ಅಲ್ಲಿಂದ ಒಂದೇ ತುದಿಗೆ ಹಚ್ಚುತ್ತೇವೆ, ಗಾಳಿಗೆ ಎದುರಾಗಿ. ಉರಿ ಗಿಡ್ಡಗೆ, ನಿಧಾನಕ್ಕೆ ತೆವಳುತ್ತೆ. ಉಡ, ಹಾವು, ಮೊಲ ತಪ್ಪಿಸಿಕೊಳ್ಳಲು ಹೊತ್ತು ಸಿಗುತ್ತೆ. ಅದಕ್ಕೂ ಮೊದಲು ಕೋಲು ಬಡಿಯುತ್ತಾ ಪಟ್ಟಿಯುದ್ದಕ್ಕೂ ಒಂದು ಸುತ್ತು ನಡೆಯುತ್ತೇವೆ. ಕೆಲಸ ಅರ್ಧ ದಿನ ಜಾಸ್ತಿ.

ಡಿಸೆಂಬರ್ ಕೊನೆಗೆ ಸುಟ್ಟ ಕಡೆ ನೆಲದಲ್ಲಿ ಇನ್ನೂ ಪಸೆ ಇರುತ್ತೆ, ಕೆಲವೇ ವಾರದಲ್ಲಿ ಎಳೆ ಹುಲ್ಲು ಚಿಗುರುತ್ತೆ. ಜಿಂಕೆಗಳು ಹಿಂಡಾಗಿ ಇಳಿಯುತ್ತವೆ. ಸಫಾರಿಯವರಿಗೆ ಖುಷಿ. ನನಗೆ ಅಳುಕು, ಏಕೆಂದರೆ ಹೆದ್ದಾರಿ ಪಕ್ಕದಲ್ಲೇ ಮೇವು ಬೆಳೆಸಿದ ಹಾಗಾಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ಹಗಲಿನ ಗಾಡಿಗಳ ಓಟ ನೋಡಿದ್ದೀರಲ್ಲ! ಲಾಂಟಾನವಂತೂ ಸುಟ್ಟರೆ ಸಾಯಲ್ಲ, ಬುಡದಿಂದ ಮತ್ತೆ ಒಡೆಯುತ್ತೆ.

ಒಮ್ಮೆ ಕೆಲಸ ಫೆಬ್ರವರಿ ಕೊನೆಗೆ ಜಾರಿತು. ಸುತ್ತು ಹೊಡೆಯುವಾಗ ಪೊದೆಯಿಂದ ಕಾಡುಕೋಳಿ ಪಟಪಟನೆ ಎದ್ದು ಹೋಯಿತು. ಬಗ್ಗಿ ನೋಡಿದರೆ ನಾಲ್ಕು ಮೊಟ್ಟೆ. ಪೊದೆಯ ಸುತ್ತ ತರಗು ಗುಡಿಸಿ, ಅದೊಂದನ್ನು ಬಿಟ್ಟು ಉಳಿದದ್ದು ಸುಟ್ಟೆವು. ಮೇಲಿನವರು ಬಂದು, "ಇದ್ಯಾಕೆ ಬಿಟ್ರಿ?" ಅಂದರು. ಅಜ್ಜ ಸುಮ್ನೆ ಪೊದೆಯ ಕಡೆ ಕೈ ತೋರಿಸಿದರು.