ಕೊಡಚಾದ್ರಿಯ ಸೂರ್ಯಾಸ್ತ: ಫೋಟೋದಲ್ಲಿ ಬಣ್ಣ ಉಳಿಸಿಕೊಂಡಿದ್ದು ಹೀಗೆ

ಕೊಡಚಾದ್ರಿಯ ತುದಿ, 1343 ಮೀಟರ್ ಎತ್ತರ. ಕಣ್ಣಿಗೆ ಆಕಾಶ ಕೆಂಡದ ಹಾಗೆ ಕಾಣುತ್ತಿತ್ತು. ಫೋಟೋದಲ್ಲಿ ಮಾತ್ರ ಸೂರ್ಯನ ಸುತ್ತ ಬರೀ ಬಿಳಿ, ಉಳಿದದ್ದು ತೆಳು ಹಳದಿ. ಮೂರು ಸಲ ಹತ್ತಿದಾಗಲೂ ಹೀಗೇ ಆಯಿತು.

ಸನ್‌ಸೆಟ್ ಮೋಡ್ ಹಾಕಿ ನೋಡಿದೆ, ಸುಧಾರಿಸಲಿಲ್ಲ. ಎಡಿಟಿಂಗ್‌ನಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಜಾಸ್ತಿ ಮಾಡಿದರೆ ಆಕಾಶವೆಲ್ಲ ಪಟ್ಟೆಪಟ್ಟೆ. ಬಿಳಿಯಾಗಿ ಸುಟ್ಟುಹೋದ ಜಾಗದಲ್ಲಿ ಬಣ್ಣವೇ ಇರಲ್ಲ ಅಲ್ವಾ, ಎಲ್ಲಿಂದ ತರುವುದು?

ತೊಂದರೆ ಎರಡು ಕಡೆ ಇತ್ತು. ಬಿಳಿ ಬಿಳಿಯಾಗಿಯೇ ಕಾಣಲೆಂದು ಕ್ಯಾಮೆರಾ ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಸಂಜೆಯ ಕೆಂಪನ್ನೇ ತೊಳೆದುಹಾಕುತ್ತಿತ್ತು. ಕೆಳಗಿನ ಕತ್ತಲ ಕಣಿವೆಯನ್ನು ಬೆಳಗಿಸಲು ಹೋಗಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಆಕಾಶವನ್ನು ಸುಡುತ್ತಿತ್ತು.

ಕೊನೆಗೆ ಕೆಲಸ ಮಾಡಿದ ಕ್ರಮ ಇದು. ಮೊದಲು ರಾ ಫೈಲ್ (ಸೆನ್ಸರ್‌ನ ಮಾಹಿತಿಯನ್ನು ಹೆಚ್ಚು ಉಳಿಸಿಕೊಳ್ಳುವ ಫೈಲ್) ಆನ್ ಮಾಡಿ. ಅಪರ್ಚರ್ ಪ್ರಯಾರಿಟಿ ಮೋಡ್, ಲೆನ್ಸ್ ತೆರೆದಿರುವ ಅಳತೆ ಎಫ್/8, ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್‌ಒ 100. ವೈಟ್ ಬ್ಯಾಲೆನ್ಸ್ ಕ್ಲೌಡಿ, ಅಂದರೆ ಸುಮಾರು 6000 ಕೆಲ್ವಿನ್. ಈಗ ಮುಖ್ಯವಾದದ್ದು: ಸ್ಪಾಟ್ ಮೀಟರನ್ನು (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು) ಸೂರ್ಯನ ಮೇಲಲ್ಲ, ಪಕ್ಕದ ಕಿತ್ತಳೆ ಆಕಾಶದ ಮೇಲೆ ಇಡಿ. ಆ ಅಳತೆ ಬದಲಾಗದಂತೆ ಎಕ್ಸ್‌ಪೋಶರ್ ಲಾಕ್ ಒತ್ತಿ ಹಿಡಿದು, ಆಮೇಲೆ ಫ್ರೇಮ್ ಹೊಂದಿಸಿ. ಇನ್ನೂ ಬೆಳ್ಳಗಾದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ −0.7ಕ್ಕೆ ಇಳಿಸಿ. ಸರ್ವಜ್ಞ ಪೀಠದ ಕಲ್ಲು ಮಂಟಪ ಕಪ್ಪಾಗಿ ಬರುತ್ತದೆ, ಬರಲಿ ಬಿಡಿ. ಅದರ ಅಂಚಿಗೆ ಹತ್ತಿದ ಕೆಂಪು ಗೆರೆ ಆಗಲೇ ಕಾಣುವುದು.

ಸೂರ್ಯ ಮುಳುಗಿದ ಮೇಲೂ 15 ನಿಮಿಷ ಟ್ರೈಪಾಡ್ ತೆಗೆಯಬೇಡಿ. ಕೈ ತಾಗಿ ಕ್ಯಾಮೆರಾ ಅಲುಗದಂತೆ 2 ಸೆಕೆಂಡ್ ಟೈಮರ್ ಇಡಿ. ನೇರಳೆ ಬಣ್ಣ ಸಿಕ್ಕಿದ್ದು ಆಗಲೇ.