ಪ್ರಬಂಧ ಶುರು ಮಾಡುವ ಮುನ್ನ: ಆ ‘ನಾಲ್ಕು ಜನ’ ಯಾರು?

‘ಜನಾಂಗ ಮತ್ತು ಹೊಂದಿಕೊಳ್ಳುವಿಕೆ’ ಎಂದು ಸಾಹಿತ್ಯ ಪ್ರಬಂಧದ ವಿಷಯ ಕೊಟ್ಟರೆ ಸಾಕು, ತರಗತಿಯ ಮುಕ್ಕಾಲು ಪಾಲು ಪೆನ್ನುಗಳು ಒಂದೇ ವಾಕ್ಯ ಬರೆಯುತ್ತವೆ: ‘ಅನಾದಿಕಾಲದಿಂದಲೂ ವರ್ಣಭೇದವು ಸಮಾಜಕ್ಕೆ ಅಂಟಿದ ಪಿಡುಗು.’ ಅದನ್ನು ಹೊಡೆದುಹಾಕಿ. ಮೂರನೆಯ ಸಾಲಿಗೆ ಗಾಂಧೀಜಿ, ಮಂಡೇಲಾ ಬಂದು ಕೂರುತ್ತಾರೆ. ಓದಬೇಕಿದ್ದ ಕಾದಂಬರಿ ಹೊರಗೇ ನಿಂತಿರುತ್ತದೆ.

ಮೊದಲು ವಿಷಯವನ್ನು ಮನೆಮಾತಿಗೆ ತನ್ನಿ. ‘ಹೊಂದಿಕೊಳ್ಳುವಿಕೆ’ ನಿಘಂಟಿನ ಪದ. ಅಮ್ಮ ಹೇಳುವುದು ‘ನಾಲ್ಕು ಜನ ಏನಂದಾರು?’ ಎಂದು. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಹುಡುಗಿ ತರಗತಿಯಲ್ಲಿ ಪುಸ್ತಕದ ಕನ್ನಡ ಆಡುತ್ತಾಳೆ. ಶಿರಸಿಯ ಹವ್ಯಕ ಹುಡುಗ ಬೆಂಗಳೂರಿನಲ್ಲಿ ಬಸ್ಸಿಳಿಯುವಷ್ಟರಲ್ಲಿ ತನ್ನ ಮನೆಮಾತಿನ ‘ಹೋಪನ’ವನ್ನು (ಹೋಗೋಣ) ಜೇಬಿಗಿಳಿಸಿರುತ್ತಾನೆ. ಇದು ಪ್ರಬಂಧಕ್ಕೆ ಹೋಗುವ ಮಾತಲ್ಲ, ನಿಮ್ಮ ಕಚ್ಚಾ ಪುಸ್ತಕಕ್ಕೆ. ಪ್ರಶ್ನೆ ಒಳಗಿಳಿಯಲು ಅಷ್ಟು ಸಾಕು.

ಇನ್ನು ಕೃತಿ. ನನ್ನ ಆಯ್ಕೆ ಅಮೆರಿಕದ ಲೇಖಕಿ ನೆಲ್ಲಾ ಲಾರ್ಸೆನ್ 1929ರಲ್ಲಿ ಪ್ರಕಟಿಸಿದ ‘ಪಾಸಿಂಗ್’. ತೆಳ್ಳಗಿನ ಪುಸ್ತಕ, ಎರಡು ಸಲ ಓದಬಹುದು. (ನಮಗೆ ಪಾಸಾಗುವುದೆಂದರೆ ಪರೀಕ್ಷೆ, ಅಲ್ಲಿ ಅದರರ್ಥ, ತಿಳಿಬಣ್ಣದ ಕಪ್ಪು ಜನ ಬಿಳಿಯರೆಂದು ನಂಬಿಸಿ ಬದುಕುವುದು.) ಕ್ಲೇರ್ ಹಾಗೆಯೇ ಒಬ್ಬ ಬಿಳಿಯನನ್ನು ಮದುವೆಯಾಗಿದ್ದಾಳೆ. ಅವಳ ಬಾಲ್ಯದ ಪರಿಚಯದ ಐರೀನ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಸಮುದಾಯದ ನಡುವೆಯೇ ಇದ್ದಾಳೆ.

ಇಡೀ ಕಾದಂಬರಿಯನ್ನು ಹೊರಲು ಹೋಗಬೇಡಿ. ಒಂದು ದೃಶ್ಯ ಹಿಡಿಯಿರಿ. ಶಿಕಾಗೋದ ಹೋಟೆಲ್ ಕೋಣೆಯೊಂದರಲ್ಲಿ ಮೂವರು ಹೆಂಗಸರು ಚಹಾ ಕುಡಿಯುತ್ತಿರುವಾಗ ಕ್ಲೇರ್‌ಳ ಗಂಡ ಬರುತ್ತಾನೆ. ನಿನ್ನ ಬಣ್ಣ ಕಪ್ಪಾಗುತ್ತಿದೆ ಎಂದು ಹೆಂಡತಿಯನ್ನು ಛೇಡಿಸಲು ಅವನೊಂದು ಹೀನ ಅಡ್ಡಹೆಸರಿಟ್ಟಿದ್ದಾನೆ. ಎದುರಿಗೆ ಕೂತ ಮೂವರೂ ಕಪ್ಪು ಮೂಲದವರೆಂಬುದು ಅವನಿಗೆ ಗೊತ್ತಿಲ್ಲ. ಆಗ ಐರೀನ್ ನಗುತ್ತಾಳೆ, ಕಣ್ಣಲ್ಲಿ ನೀರು ಬರುವ ತನಕ.

ಈ ನಗೆಯ ಹತ್ತಿರ ಅರ್ಧ ದಿನ ಕೂತುಕೊಳ್ಳಿ. ಯಾರಿಗಾಗಿ ನಗುತ್ತಾಳೆ? ಕೋಣೆಯಲ್ಲಿ ಆ ‘ನಾಲ್ಕು ಜನ’ ಯಾರು? ಗಂಡನೊಬ್ಬನೇ ಎಂದರೆ ಉತ್ತರ ಅರ್ಧವಾಯಿತು. ನಗದೆ ಇದ್ದರೆ ಗುಟ್ಟು ರಟ್ಟಾಗುವುದು ಕ್ಲೇರ್‌ಳದು. ಸಿಟ್ಟು ನುಂಗಿ ನಗುವವಳು ಅವಳನ್ನು ಕಾಪಾಡುತ್ತಿದ್ದಾಳೆ. ಈಗ ಕೆಲವು ಪುಟ ಹಿಂದೆ ಹೋಗಿ. ಬೇಸಿಗೆಯ ಸೆಕೆಗೆ ಬಸವಳಿದ ಐರೀನ್ ತಣ್ಣನೆಯ ಚಹಾ ಕುಡಿಯಲು ಹೋಟೆಲ್ ಮಾಳಿಗೆಯಲ್ಲಿ ಕೂತದ್ದೂ ಬಿಳಿಯಳೆಂಬ ಸೋಗಿನಲ್ಲೇ! ಕ್ಲೇರ್ ಸಗಟು ವ್ಯಾಪಾರಿಯಾದರೆ ಐರೀನ್ ಚಿಲ್ಲರೆ. ಇದು ಹೊಳೆಯಿತೆಂದರೆ ನಿಮ್ಮ ವಾದದ ವಾಕ್ಯ ಸಿಕ್ಕಂತೆ: ‘ಕ್ಲೇರ್‌ಳನ್ನು ತೂಗುವ ಐರೀನ್‌ಳ ತಕ್ಕಡಿಯೇ ನೆಟ್ಟಗಿಲ್ಲ.’ ಕಥೆ ನಮಗೆ ಕಾಣುವುದು ಐರೀನ್‌ಳ ಕಣ್ಣಲ್ಲಿ ಎಂಬುದನ್ನು ಇದಕ್ಕೆ ಜೋಡಿಸಿ.

ಇತಿಹಾಸ ಚಿಟಿಕೆಯಷ್ಟು, ಉಪ್ಪಿನಕಾಯಿಯಂತೆ. 1924ರಲ್ಲಿ ವರ್ಜೀನಿಯಾ ರಾಜ್ಯವು, ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗುವುದನ್ನು ನಿಷೇಧಿಸಿ ಕಾನೂನು ಮಾಡಿತು. ಅಂಥ ನಿಷೇಧಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 1967ರಲ್ಲಿ. ಎರಡು ವಾಕ್ಯ ಸಾಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ: ಯಲ್ಲಾಪುರ, ಹಳಿಯಾಳ, ಅಂಕೋಲಾದ ಸಿದ್ದಿಯರನ್ನು ತರುವುದು. ತರಬಹುದು, ಆದರೆ ಅಲಂಕಾರಕ್ಕಲ್ಲ. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕೊಂಕಣಿ, ಕನ್ನಡ ನೀರು ಕುಡಿದಷ್ಟು ಸಲೀಸಾಗಿ ಆಡುವವರನ್ನೂ ಬಸ್ಸಿನಲ್ಲಿ ‘ನೀವು ಯಾವ ದೇಶ?’ ಎಂದು ಕೇಳುವವರಿದ್ದಾರೆ. ಕ್ಲೇರ್‌ಗೆ ಬಣ್ಣವೇ ಬಾಗಿಲು ತೆರೆಯಿತು. ಇಲ್ಲಿ ಮಾತು, ಊಟ, ದೇವರು ಎಲ್ಲ ಒಂದಾದರೂ ಬಣ್ಣ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಈ ವ್ಯತ್ಯಾಸ ಹೇಳುವುದಿದ್ದರೆ ಮಾತ್ರ ಒಂದು ಪ್ಯಾರಾ ಕೊಡಿ. ‘ಅಲ್ಲಿಯಂತೆಯೇ ಇಲ್ಲೂ’ ಎನ್ನುವುದಾದರೆ ಬೇಡ. ಜಾತಿಗೂ ಇದೇ ಎಚ್ಚರಿಕೆ.

ಕೊನೆಯಲ್ಲಿ ಕ್ಲೇರ್ ಕಿಟಕಿಯಿಂದ ಬೀಳುತ್ತಾಳೆ. ತಳ್ಳಿದರೋ, ಜಾರಿದಳೋ, ತಾನೇ ಹಾರಿದಳೋ, ಲೇಖಕಿ ಹೇಳುವುದಿಲ್ಲ. ನೀವೂ ಪೊಲೀಸರಾಗಬೇಡಿ.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಇವತ್ತು ಸಂಜೆ ಕರೆಂಟು ಹೋಗುವುದರೊಳಗೆ ಆ ಚಹಾದ ಕೋಣೆಯ ಬಗ್ಗೆ ಒಂದೇ ಪುಟ ಬರೆದಿಡಿ. ಮೊದಲ ವಾಕ್ಯ ಬೇಕಿದ್ದರೆ ನನ್ನಿಂದ ಸಾಲ ತೆಗೆದುಕೊಳ್ಳಿ: ‘ಐರೀನ್ ನಗುತ್ತಾಳೆ.’