ಗ ಕಾಲು ಮುಚ್ಚಿದರೆ ರ: ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅಕ್ಷರ ಬದಲಾಯಿಸುವುದು

ತಂಗಿ ಮಗಳು ಒಂದನೇ ಕ್ಲಾಸಿನಲ್ಲಿ ಠ ಬರೆಯಬೇಕಾದ ಕಡೆಯೆಲ್ಲ ರ ಬರೆಯುತ್ತಿದ್ದಳು. ‘ಪಾಠ’ ಅವಳ ನೋಟ್‌ಬುಕ್ಕಿನಲ್ಲಿ ‘ಪಾರ’. ಚುಕ್ಕೆ ಮರೆಯುತ್ತಿದ್ದಳು, ಅಷ್ಟೇ. ಅವಳಿಗೆ ತೋರಿಸೋಣ ಅಂತ ಆಫ್ಟರ್ ಎಫೆಕ್ಟ್ಸ್ ಅನ್ನುವ ಅನಿಮೇಷನ್ ಸಾಫ್ಟ್‌ವೇರಿನಲ್ಲಿ 5 ಸೆಕೆಂಡಿನ ಚಿಕ್ಕ ವಿಡಿಯೊ ಮಾಡಿದೆ. ಗ ಬರುತ್ತದೆ, ಅದರ ಕಾಲೆರಡೂ ಕೆಳಗೆ ಕೂಡಿಕೊಂಡು ರ ಆಗುತ್ತದೆ, ರ ಹೊಟ್ಟೆಯಲ್ಲಿ ಚುಕ್ಕೆ ಮೂಡಿ ಠ ಆಗುತ್ತದೆ.

ಇದಕ್ಕೆ ಎಲ್ಲರೂ ಹೇಳಿಕೊಡುವ ದಾರಿ ಒಂದಿದೆ. ಅಕ್ಷರ ಟೈಪ್ ಮಾಡಿ, ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಕ್ರಿಯೇಟ್ ಒಳಗಿನ ‘ಕ್ರಿಯೇಟ್ ಶೇಪ್ಸ್ ಫ್ರಮ್ ಟೆಕ್ಸ್ಟ್’ ಒತ್ತಿ, ಎರಡನೇ ಅಕ್ಷರದ ಪಾತ್ (ಆಕಾರದ ಗೆರೆ) ಕೀಫ್ರೇಮ್ (ಯಾವ ಹೊತ್ತಿಗೆ ಆಕಾರ ಹೇಗಿರಬೇಕು ಅನ್ನುವ ಗುರುತು) ಕಾಪಿ ಮಾಡಿ ಮೊದಲನೆಯದರ ಪಾತ್ ಮೇಲೆ ಪೇಸ್ಟ್ ಮಾಡುವುದು. ನಾನೂ ಅದನ್ನೇ ಮಾಡಿದೆ. ಒಗೆದ ಬಟ್ಟೆ ಹಿಂಡಿದ ಹಾಗೆ ಅಕ್ಷರ ತಿರುಚಿಕೊಂಡಿತು. ಎರಡು ಪಾತ್‌ಗಳ ಮೊದಲ ಪಾಯಿಂಟ್ ಬೇರೆ ಬೇರೆ ಕಡೆ ಇದ್ದರೆ ಹೀಗಾಗುತ್ತದೆ. ಪಾಯಿಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಫಸ್ಟ್ ವರ್ಟೆಕ್ಸ್’ ಕೊಟ್ಟರೆ ಅದು ಸರಿಹೋಗುತ್ತದೆ. ಆದರೆ ರ ಒಳಗಿನ ತೂತು? ಅದಕ್ಕೆ ಬೇರೆಯೇ ಒಂದು ಪಾತ್ ಇದೆ. ಗ-ಗೆ ಆ ತೂತೇ ಇಲ್ಲ. ಇಲ್ಲದ್ದು ಎಲ್ಲಿಂದ ಬರಬೇಕು?

ಹಾಗಾಗಿ ನಾನು ಫಾಂಟಿನ ಅಂಚನ್ನು ಬಿಟ್ಟೆ. ಮಗು ಸ್ಲೇಟಿನ ಮೇಲೆ ಅಂಚು ಬರೆಯುವುದಿಲ್ಲ, ಒಂದು ಗೆರೆ ಎಳೆಯುತ್ತದೆ. ನಾವೂ ಆ ಗೆರೆಯನ್ನೇ ಬದಲಾಯಿಸೋಣ.

1920×1080ರ ಕಾಂಪೊಸಿಷನ್ ತೆಗೆಯಿರಿ, ಸೆಕೆಂಡಿಗೆ 25 ಫ್ರೇಮ್. ನೋಟೊ ಸಾನ್ಸ್ ಕನ್ನಡದಲ್ಲಿ ದೊಡ್ಡದಾಗಿ ಗ ಟೈಪ್ ಮಾಡಿ, ಒಪಾಸಿಟಿ 30ಕ್ಕೆ ಇಳಿಸಿ. ರ-ಗೂ ಹೀಗೆಯೇ ಇನ್ನೊಂದು ಲೇಯರ್. ಎರಡರ ತಲೆಕಟ್ಟೂ ಒಂದೇ ಜಾಗಕ್ಕೆ ಬರುವಂತೆ ಕೂರಿಸಿ, ಆಮೇಲೆ ಎರಡನ್ನೂ ಲಾಕ್ ಮಾಡಿ. ಈಗ ಎಫ್2 ಒತ್ತಿ, ಸೆಲೆಕ್ಟ್ ಆಗಿದ್ದದ್ದೆಲ್ಲ ಬಿಟ್ಟುಹೋಗುತ್ತದೆ. ಇದು ಮರೆಯಬೇಡಿ. ಯಾವುದೋ ಲೇಯರ್ ಸೆಲೆಕ್ಟ್ ಆಗಿದ್ದರೆ ಪೆನ್ ಟೂಲ್ ಅದರ ಮೇಲೆ ಮಾಸ್ಕ್ ಎಳೆದುಬಿಡುತ್ತದೆ.

ಪೆನ್ ಟೂಲ್‌ಗೆ ಫಿಲ್ ಬೇಡ, ಸ್ಟ್ರೋಕ್ 50 ಪಿಕ್ಸೆಲ್. ಗ ಕಮಾನಿನ ಎಡಗಾಲಿನ ತುದಿಯಿಂದ ಶುರು ಮಾಡಿ ಬಲಗಾಲಿನ ತುದಿಗೆ ಬನ್ನಿ. ನಾನು 7 ಪಾಯಿಂಟ್ ಇಟ್ಟೆ: ನೆತ್ತಿಗೆ 1, ಆಚೆ ಈಚೆ ಮೂರು ಮೂರು. ತಲೆಕಟ್ಟನ್ನು ಅದೇ ಲೇಯರ್‌ನಲ್ಲಿ ಬೇರೆ ಪಾತ್ ಆಗಿ ಎಳೆಯಿರಿ. ಅದು ಅಲ್ಲಾಡದೆ ನಿಂತರೇನೇ ಕೆಳಗಿನ ಬದಲಾವಣೆ ಕಣ್ಣಿಗೆ ಕಾಣುವುದು. ಸ್ಟ್ರೋಕ್ ಒಳಗೆ ರೌಂಡ್ ಕ್ಯಾಪ್, ರೌಂಡ್ ಜಾಯಿನ್ ಆರಿಸಿ.

1ನೇ ಸೆಕೆಂಡಿನಲ್ಲಿ ಕಮಾನಿನ ಪಾತ್‌ನ ಸ್ಟಾಪ್‌ವಾಚ್ ಒತ್ತಿ, ಮೊದಲ ಕೀಫ್ರೇಮ್ ಬೀಳುತ್ತದೆ. 20 ಫ್ರೇಮ್ ಮುಂದೆ ಹೋಗಿ, ಅವೇ 7 ಪಾಯಿಂಟ್‌ಗಳನ್ನು ಒಂದೊಂದಾಗಿ ಎಳೆದು ಕೆಳಗಿನ ರ ಮೇಲೆ ಕೂರಿಸಿ. ಹೊಸ ಪಾಯಿಂಟ್ ಸೇರಿಸಬೇಡಿ, ಇದ್ದದ್ದನ್ನು ಅಳಿಸಲೂಬೇಡಿ. ಎರಡೂ ಕಾಲಿನ ತುದಿ ಕೆಳಗೆ ಒಂದರ ಮೇಲೊಂದು ಬರಲಿ. ಪಾತ್ ಮುಚ್ಚುವ ಅಗತ್ಯವಿಲ್ಲ, ತುದಿ ದುಂಡಗಿರುವುದರಿಂದ ಬೆಸುಗೆ ಗೊತ್ತಾಗುವುದಿಲ್ಲ. ಎರಡೂ ಕೀಫ್ರೇಮ್ ಹಿಡಿದು ಎಫ್9 ಒತ್ತಿದರೆ ಓಟ ಮೆತ್ತಗಾಗುತ್ತದೆ.

ಪ್ಲೇ ಮಾಡಿ ನೋಡಿ. ನನ್ನದು ನಡುವೆ ಸೊಟ್ಟ ಮುಖ ಮಾಡಿತ್ತು. ಪಾಯಿಂಟ್‌ಗಳು ನೇರ ಗೆರೆಯಲ್ಲೇ ಹೋಗುತ್ತವೆ, ಬಾಗಿ ಬರಬೇಕಾದ ಕಾಲು ದಾರಿಯಲ್ಲಿ ಒಳಗೆ ಕುಗ್ಗುತ್ತದೆ. ಆ 20ರ ನಡುವೆ, ಹತ್ತನೇ ಫ್ರೇಮಿನಲ್ಲಿ ನಿಂತು, ಕುಗ್ಗಿದ ಪಾಯಿಂಟ್‌ಗಳನ್ನು ಸ್ವಲ್ಪ ಹೊರಗೆ ತಳ್ಳಿ. ಕೀಫ್ರೇಮ್ ತಾನೇ ಬೀಳುತ್ತದೆ. ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇದೊಂದೇ. ನನಗೆ ಒಂದು ಸಂಜೆ ಪೂರ್ತಿ ಹೋಯಿತು, ಒಲೆ ಮೇಲಿದ್ದ ಹಾಲೂ ಹೋಯಿತು.

ಉ–ಊ ಜೋಡಿಯೂ ಹೀಗೇ ಚೆನ್ನಾಗಿ ಬರುತ್ತದೆ. ಊ ಬಾಲಕ್ಕೆ ಬೇಕಾದ ಪಾಯಿಂಟ್‌ಗಳನ್ನು ಮೊದಲೇ ಉ ತುದಿಯಲ್ಲಿ ಒತ್ತೊತ್ತಾಗಿ ಇಟ್ಟುಕೊಂಡಿರಿ, ಆಮೇಲೆ ಬಿಚ್ಚಿ. ಏನೂ ಸಂಬಂಧವಿಲ್ಲದ ಎರಡು ಅಕ್ಷರ ತೆಗೆದುಕೊಂಡರೆ ನಡುವೆ ಬರೀ ನೂಲಿನ ಗಂಟು ಕಾಣುತ್ತದೆ. ಸುಮ್ನೆ ಒಂದು ಮಾಯವಾಗಿ ಇನ್ನೊಂದು ಬರಲಿ ಬಿಡಿ.

ಒತ್ತಕ್ಷರ ಇದ್ದರೆ ಒಂದು ಮಾತು. ಹಿಂದೆ ಒಂದು ಮದುವೆ ವಿಡಿಯೊದಲ್ಲಿ ‘ಪದ್ಮ’ ಅನ್ನುವ ಹೆಸರು ‘ಪದ್‌ಮ’ ಅಂತ ಒಡೆದು ಹೋಗಿತ್ತು. ನಾನು ನೋಡಲಿಲ್ಲ, ಹುಡುಗಿಯ ಅಜ್ಜ ನೋಡಿದರು. ತಪ್ಪು ನನ್ನದೇ: ಪ್ರೆಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಮಾಡಿಕೊಂಡಿರಲಿಲ್ಲ. ನಿಮ್ಮ ಆವೃತ್ತಿಯಲ್ಲಿ ಆ ಆಯ್ಕೆ ಇದ್ದರೆ, ಟೈಪ್ ಮಾಡುವ ಮೊದಲೇ ಅದನ್ನು ಬದಲಾಯಿಸಿಕೊಳ್ಳಿ.

ಉಳಿದದ್ದು ಚುಕ್ಕೆ. ಬೇರೆ ಲೇಯರ್‌ನಲ್ಲಿ ಒಂದು ದುಂಡು ಹಾಕಿ, ಕಂಟ್ರೋಲ್, ಆಲ್ಟ್, ಹೋಮ್ ಒಟ್ಟಿಗೆ ಒತ್ತಿ ಆ್ಯಂಕರ್ ಪಾಯಿಂಟ್ (ದುಂಡು ಯಾವ ಬಿಂದುವಿನಿಂದ ಹಿಗ್ಗಬೇಕೋ ಅದು) ನಡುವಿಗೆ ತನ್ನಿ. ಸ್ಕೇಲ್ 0ಯಿಂದ 4 ಫ್ರೇಮಿನಲ್ಲಿ 120, ಇನ್ನೆರಡು ಫ್ರೇಮಿನಲ್ಲಿ 100. ಟಪಕ್ ಅಂತ ಬಂದು ಕೂರುತ್ತದೆ. ತಂಗಿ ಮಗಳಿಗೆ ಇಡೀ ವಿಡಿಯೊದಲ್ಲಿ ಹಿಡಿಸಿದ್ದು ಅದೇ. ಈಗ ‘ಮರ’ ಬರೆ ಅಂದರೆ ‘ಮಠ’ ಬರೆಯುತ್ತಾಳೆ.